ಹದಿನಾಲ್ಕು ಸಲ ಬಣ್ಣಿಸಿದ ಯಂತ್ರ

ನಾನು ಸಂಶೋಧನೆಗೆ ಆರಿಸಿಕೊಂಡ ಪುಸ್ತಕಕ್ಕೆ ಹೆಸರಿರಲಿಲ್ಲ. ರಕ್ಷಾಪುಟ ಯಾವಾಗಲೋ ಹರಿದುಹೋಗಿತ್ತು, ಶೀರ್ಷಿಕೆಯ ಹಾಳೆ ಇರಲಿಲ್ಲ, ಬರೆದವರ ಹೆಸರು ಒಳಗೆಲ್ಲೂ ಇರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮಂಗಳೂರು ಕಡೆಯ ಯಾವುದೋ ಅಚ್ಚುಕೂಟದಲ್ಲಿ ಹದಿನಾಲ್ಕು ಬಿಡಿ ಸಂಚಿಕೆಗಳಾಗಿ ಅಚ್ಚಾಗಿ, ಹಡಗಿನಲ್ಲಿ ಆಗಿನ ಮಲಯಕ್ಕೆ, ಈಗಿನ ಮಲೇಶಿಯಾಕ್ಕೆ, ಬಂದ ಅಗ್ಗದ ಸಾಹಸ ಕಾದಂಬರಿ ಅದು. ಕಾಗದ ಎಷ್ಟು ಕಳಪೆಯೆಂದರೆ ಪುಟ ತಿರುಗಿಸಿದರೆ ಬೆರಳಿಗೆ ಕಂದು ಹುಡಿ ಅಂಟುತ್ತಿತ್ತು.

ಕತೆ ಹೀಗೆ. ಹಂಚಿನ ಕಾರ್ಖಾನೆಯ ಯಂತ್ರಗಾರನೊಬ್ಬ ನೆಲ ಕೊರೆಯುತ್ತ ಹೋಗುವ ಕಬ್ಬಿಣದ ವಾಹನ ಕಟ್ಟುತ್ತಾನೆ. ಒಬ್ಬ ಮುದಿ ವಿಜ್ಞಾನಿ, ಆತನ ಮಗಳು, ಒಬ್ಬ ಅಡುಗೆಯವ, ಇಷ್ಟು ಜನರನ್ನು ಕೂರಿಸಿಕೊಂಡು ಮಲಯದ ತವರದ ಗಣಿಯೊಂದರ ತಳದಿಂದ ಭೂಮಿಯೊಳಕ್ಕೆ ಇಳಿಯುತ್ತಾನೆ. ಕೆಳಗೆ ಕುದಿಯುವ ಕೆಸರಿನ ನದಿ ಇದೆ, ಕಣ್ಣಿಲ್ಲದ ಜನರ ಪಟ್ಟಣವಿದೆ. ಐದನೆಯ ಅಧ್ಯಾಯದಲ್ಲಿ ವಿಜ್ಞಾನಿ ಕೆಸರಿನಲ್ಲಿ ಬಿದ್ದು ಸಾಯುತ್ತಾನೆ. ಆರನೆಯದರಲ್ಲಿ ಅವನೇ ಕುಳಿತು ಕಾಫಿ ಕುಡಿಯುತ್ತಾ ಅಡುಗೆಯವನನ್ನು ಬೈಯುತ್ತಿರುತ್ತಾನೆ.

ಆ ಕಾಫಿಯ ಮೇಲೆ ನಾನು ನಲವತ್ತು ಪುಟ ಬರೆದಿದ್ದೆ. ನನ್ನ ವಾದ ಇಷ್ಟು: ಭೂಗರ್ಭದಲ್ಲಿ ಕಾಲ ಮೇಲಿನಂತೆ ಸಾಲಾಗಿ ಹರಿಯುವುದಿಲ್ಲ ಎಂದು ಕಲ್ಪಿಸಿದ ಈ ಅನಾಮಿಕ ಲೇಖಕ, ಕತೆಯ ಕಾಲವನ್ನೂ ಬೇಕೆಂದೇ ಒಡೆದಿದ್ದಾನೆ. ಅಗ್ಗದ ಪುಸ್ತಕವೆಂದು ಯಾರೂ ಮೂಸಿ ನೋಡದ ಕಡೆ ಇಷ್ಟು ದಿಟ್ಟ ಪ್ರಯೋಗ ನಡೆದಿತ್ತು. ಆಹಾ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ತೊಂಬತ್ತೆಂಟನೇ ಇಸವಿಯ ಮಾತಿದು. ಕಾಡಿನ ಬೆಂಕಿಯ ಹೊಗೆ ಊರನ್ನೆಲ್ಲ ಮುಸುಕಿದ್ದ ವರ್ಷದ ಮರುವರ್ಷ. ನನ್ನ ಗಂಡ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ನಾನು ವಾರಕ್ಕೆರಡು ಸಲ ಬಸ್ಸು ಹಿಡಿದು ಕ್ವಾಲಾಲಂಪುರದ ವಿಶ್ವವಿದ್ಯಾಲಯವೊಂದಕ್ಕೆ ಹೋಗುತ್ತಿದ್ದೆ. ತೌಲನಿಕ ಸಾಹಿತ್ಯದಲ್ಲಿ ಸ್ನಾತಕೋತ್ತರ ಸಂಶೋಧನೆಗೆ ಹೆಸರು ಹಚ್ಚಿಸಿದ್ದೆ. ವರ್ಷದ ಕೊನೆಗೆ ಐವರ ಸಮಿತಿಯೆದುರು ಒಂದು ಸೆಮಿನಾರ್ ಕೊಡಬೇಕಿತ್ತು. ಅವರು ಒಪ್ಪಿದರೆ ಅದೇ ವಿಷಯದಲ್ಲಿ ಪಿಎಚ್.ಡಿ.ಗೆ ಏರಬಹುದು. ಒಪ್ಪದಿದ್ದರೆ ಇದ್ದದ್ದನ್ನು ಕಟ್ಟಿ ಮುಗಿಸಿ ಮನೆಗೆ ಹೋಗಬೇಕು. ಎರಡನೆಯ ಅವಕಾಶ ಇರಲಿಲ್ಲ.

ಈ ಬರಹಕ್ಕೆ ಆಗಿನ ದಿನಚರಿಯನ್ನು ಎದುರಿಗಿಟ್ಟುಕೊಂಡಿದ್ದೇನೆ. ಬರೀ ನೆನಪಿನಿಂದ ಬರೆದರೆ ನಾನು ಇದರಲ್ಲಿ ಇದ್ದದ್ದಕ್ಕಿಂತ ಜಾಣೆಯಾಗಿ ಕಾಣುತ್ತೇನೆ. ಉದಾಹರಣೆಗೆ, ಸಮಿತಿಯಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿ ಓದಿ ನಾನು ನಕ್ಕೆ ಎಂದೇ ನನ್ನ ನೆನಪು. ದಿನಚರಿಯಲ್ಲಿ ಹಾಗಿಲ್ಲ. 'ಬಸ್ಸಿನಲ್ಲಿ ಅತ್ತುಬಿಟ್ಟೆ, ಪಕ್ಕದವಳು ಪುದೀನದ ಮಿಠಾಯಿ ಕೊಟ್ಟಳು' ಎಂದಿದೆ. ಆ ಟಿಪ್ಪಣಿ ಇಂಗ್ಲಿಷಿನಲ್ಲಿತ್ತು. ಅದರ ತಿರುಳು: ಒಂದೇ ಯಂತ್ರವನ್ನು ಹದಿನಾಲ್ಕು ಸಲ ಬಣ್ಣಿಸುವವನಿಗೆ ಬೇಕಾದದ್ದು ವಿಮರ್ಶಕಿಯಲ್ಲ, ಸಂಪಾದಕ.

ಅವರು ಸುಳ್ಳು ಹೇಳಿರಲಿಲ್ಲ. ಪ್ರತಿ ಅಧ್ಯಾಯದ ಮೊದಲ ಪುಟದಲ್ಲೂ ಆ ವಾಹನದ ವರ್ಣನೆ ಬರುತ್ತಿತ್ತು. ಅದು ನನಗೂ ಮುಜುಗರದ ವಿಷಯವೇ. ಸಾಲು ಲೆಕ್ಕದಲ್ಲಿ ಸಂಭಾವನೆ ಪಡೆಯುವ ಬರಹಗಾರರ ಚಾಳಿ ಎಂದು ಅಡಿಟಿಪ್ಪಣಿಯಲ್ಲಿ ಕ್ಷಮೆ ಕೇಳುವವಳಂತೆ ಬರೆದು ಮುಂದೆ ಹೋಗಿದ್ದೆ.

ಸೆಮಿನಾರಿಗೆ ಒಂಬತ್ತು ದಿನ ಇರುವಾಗ, ಸಮಿತಿಗೆ ಮೂಲ ಪ್ರತಿಯನ್ನೇ ತೋರಿಸಿದರೆ ಚೆನ್ನ ಎಂದು ಮೆಲಾಕಾದಲ್ಲೇ ಇದ್ದ ಪುಸ್ತಕದ ಯಜಮಾನರ ಮನೆಗೆ ಹೋದೆ. ಅವರು ಎಪ್ಪತ್ತು ದಾಟಿದ ಮಂಗಳೂರಿನ ಕ್ರೈಸ್ತರು, ರಬ್ಬರ್ ಕಂಪೆನಿಯ ಆಫೀಸಿನಿಂದ ನಿವೃತ್ತರಾದವರು. ಅವರ ತಂದೆ ಎಸ್ಟೇಟೊಂದರ ಗುಮಾಸ್ತರಾಗಿ ಬಂದು ಇಲ್ಲೇ ಉಳಿದವರು; ಪುಸ್ತಕ ಆ ತಂದೆಯದು. ಮನೆಯಲ್ಲಿ ಕೊಂಕಣಿ ಮಾತಾಡುತ್ತಿದ್ದರು, ಓದುವುದು ಕನ್ನಡ. ಎಂಟು ತಿಂಗಳ ಹಿಂದೆ ಒಮ್ಮೆ ಹೋಗಿ ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ತಂದಿದ್ದೆ. ಅಲ್ಲಿಂದ ಮುಂದೆ ನನ್ನ ಕೆಲಸವೆಲ್ಲ ಆ ಜೆರಾಕ್ಸಿನ ಮೇಲೆಯೇ.

ಅವರ ಹೆಂಡತಿ ಮೈಲೋ ಎಂಬ ಚಾಕೊಲೇಟ್ ಪುಡಿ ಬೆರೆಸಿ ತಂದಿಟ್ಟರು. ಕಾಫಿ ಎಂದು ನನ್ನ ನೆನಪು, ಆದರೆ ದಿನಚರಿಯಲ್ಲಿ ಮೈಲೋ ಎಂದೇ ಇದೆ. ಮುದುಕರು ಕಪಾಟಿನಿಂದ ಪುಸ್ತಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಕೊಂಡುಹೋಗಿ. ಆದ್ರೆ ಇದು ಸಾಲಾಗಿ ಇಲ್ಲ ಅಂತ ಅವರಿಗೆ ಹೇಳಿ ಆಯ್ತಾ, ಇಲ್ಲದಿದ್ರೆ ತಲೆ ಕೆಡ್ತದೆ" ಎಂದರು.

"ಎಂತ ಸಾಲಾಗಿ ಇಲ್ಲ ಅಂಕಲ್?"

"ಪುಸ್ತಕ. ಹಿಂದೆ ಮುಂದೆ ಉಂಟಲ್ಲ."

ಅವರು ನನ್ನ ಮುಖ ನೋಡಿ, ನನಗೆ ಕಿವಿ ಕೇಳಿಸಲಿಲ್ಲವೇನೋ ಎಂಬಂತೆ ಸ್ವಲ್ಪ ಗಟ್ಟಿಯಾಗಿ ಹೇಳಿದರು.

"ಆಗ ಇದು ಬಿಡಿ ಬಿಡಿ ಬರ್ತಿತ್ತು. ಒಂದು ಹಡಗಿನಲ್ಲಿ ಎರಡು, ಇನ್ನೊಂದರಲ್ಲಿ ಒಂದೂ ಇಲ್ಲ. ಅಪ್ಪ ಓದಿ ಬೇರೆ ಎಸ್ಟೇಟಿನ ನಮ್ಮವರಿಗೆ ಕಳಿಸ್ತಿದ್ರು. ಲಾರಿಯವನ ಕೈಯಲ್ಲಿ, ತಿಂಗಳಿಗೊಮ್ಮೆ ಪೂಜೆಗೆ ಬರುವ ಪಾದ್ರಿಗಳ ಚೀಲದಲ್ಲಿ. ಯುದ್ಧ ಮುಗಿದ ಮೇಲೆ ಒಬ್ಬೊಬ್ಬರೇ ವಾಪಸ್ ತಂದುಕೊಟ್ರು. ಯಾವುದು ಮೊದಲು ಬಂತೋ ಅದು ಕೆಳಗೆ, ಅದರ ಮೇಲೆ ಇನ್ನೊಂದು. ಕಟ್ಟಿದವ ಚೀನಾದವ, ಲೆಡ್ಜರ್ ಹೊಲಿಯುವವ. ಅವನಿಗೆ ಕನ್ನಡ ಬರ್ತದಾ? ಕೊಟ್ಟ ಹಾಗೆ ಹೊಲಿದ."

"ನೀವು ನನಗೆ ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ ಮಾರಾಯ್ತಿ. ಬಂದವರೇ ಕಾಲ ಒಡೆಯುತ್ತದೆ, ಕಾಲ ಮಡಚುತ್ತದೆ ಅಂತ ಎಂತೆಂತದೋ ಹೇಳಿದ್ರಿ. ಓದಿದವರು, ಗೊತ್ತಿರಬೇಕು ಅಂತ ನಾನು ಬಾಯಿ ಮುಚ್ಚಿಕೊಂಡೆ."

ಅಡುಗೆಮನೆಯಿಂದ ಅವರ ಹೆಂಡತಿ ನಗುವುದು ಕೇಳಿಸಿತು. "ಆ ವಿಜ್ಞಾನಿ ಸತ್ತು ಪುನಃ ಕಾಫಿಗೆ ಬರುದು ನೋಡಿ ನಮ್ಮ ಮಕ್ಕಳು ಅವನನ್ನು ಭೂತ ಅಂತಿದ್ರು" ಎಂದರು.

ಪುಸ್ತಕವನ್ನು ಎಳೆದುಕೊಂಡು ಪುಟಗಳ ಅಡಿ ನೋಡಿದೆ. ಮೇಲಿನ ಅಂಚನ್ನು ಬೈಂಡಿನವನು ಕತ್ತರಿಸಿದ್ದರಿಂದ ಪುಟಸಂಖ್ಯೆಗಳು ಹೋಗಿದ್ದವು. ಆದರೆ ಪ್ರತಿ ಹದಿನಾರು ಪುಟಕ್ಕೊಮ್ಮೆ, ಅಂದರೆ ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ, ಕೆಳಗೆ ಮೂಲೆಯಲ್ಲಿ ಎಳ್ಳಿನಷ್ಟು ಸಣ್ಣ ಕನ್ನಡ ಅಂಕಿಯೊಂದಿತ್ತು. ಒಂದು, ಎರಡು, ಏಳು, ನಾಲ್ಕು, ಹನ್ನೆರಡು, ಮೂರು. ವಿಜ್ಞಾನಿ ಸತ್ತದ್ದು ಹನ್ನೆರಡನೆಯದರಲ್ಲಿ. ಕಾಫಿ ಕುಡಿದದ್ದು ಮೂರನೆಯದರಲ್ಲಿ. ಒಂದು ಸಂಚಿಕೆಗೆ ಒಂದು ಅಧ್ಯಾಯ ಸರಿಯಾಗಿ ಮುಗಿಯುತ್ತಿದ್ದುದರಿಂದ ನಡುವೆ ಯಾವ ವಾಕ್ಯವೂ ತುಂಡಾಗಿರಲಿಲ್ಲ, ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಎಡೆ ಇರಲಿಲ್ಲ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಜೆರಾಕ್ಸಿನಲ್ಲಿ ಪುಟದ ಅಡಿ ಕಪ್ಪು ಪಟ್ಟಿಯಾಗಿ ಬಂದಿತ್ತು, ನಾನೇನು ಮಾಡಲಿ ಎಂದು. ಈಗ ದಿನಚರಿ ತಿರುವಿದರೆ ಮೊದಲ ಭೇಟಿಯ ದಿನವೇ ಒಂದು ಸಾಲಿದೆ: 'ಕೆಳಗೆ ಪುಟ್ಟ ಅಂಕಿಗಳಿವೆ, ಅಚ್ಚಿನವರ ಗುರುತಿರಬೇಕು.' ನೋಡಿದ್ದೆ. ನೋಡಿ ಬಿಟ್ಟಿದ್ದೆ.

ಕರೆದೊಯ್ಯಲು ಬಂದ ಗಂಡನಿಗೆ ಕಾರಿನಲ್ಲಿ ಮನೆಗೆ ಹೋಗುವಾಗ ಹೇಳಿದೆ.

"ನಮ್ಮಲ್ಲಿ ಫಸ್ಟ್ ಇಯರಿನವರು ಹೀಗೇ," ಎಂದರು ಸಿಗ್ನಲ್ ದಾಟುತ್ತ. "ಎಡಗೈ ಎಲುಬನ್ನು ಬಲಗೈಗೆ ಇಡ್ತಾರೆ. ಇಟ್ಟು, ಸರ್ ಇದು ಬೇರೆ ಜಾತಿಯ ಪ್ರಾಣಿ ಅಂತಾರೆ."

"ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ ಮಾರಾಯ್ತಿ. ನಾನು ಅವರಿಗೆ ಎಂತ ಹೇಳುದು ಗೊತ್ತುಂಟಾ? ತೆಗೆದು ಸರಿ ಜಾಗಕ್ಕೆ ಇಟ್ಟು ನೋಡು ಅಂತ."

ಮರುದಿನ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದು, ಹದಿನಾಲ್ಕು ಚೀಟಿಗಳ ಮೇಲೆ ಅಂಕಿ ಬರೆದು, ಸರಿಯಾದ ಕ್ರಮದಲ್ಲಿ ಸಿಗುವಂತೆ ಪುಸ್ತಕದೊಳಗೆ ಸಿಕ್ಕಿಸಿ, ಊಟದ ಮೇಜಿನ ಮೇಲೆ ಓದಲು ಕೂತೆ. ನನ್ನ ಆಸೆ ಏನಿತ್ತೆಂದರೆ, ಸಾಲಾಗಿ ಓದಿದರೂ ಎಲ್ಲೋ ಒಂದು ಕಡೆ ಕಾಲ ಮುರಿದಿರಲಿ ಎಂದು. ಎಲ್ಲೂ ಮುರಿದಿರಲಿಲ್ಲ. ಇಳಿದರು, ಸಿಕ್ಕಿಬಿದ್ದರು, ವಿಜ್ಞಾನಿ ಸತ್ತ, ಉಳಿದವರು ಮೇಲೆ ಬಂದರು, ಯಂತ್ರಗಾರನಿಗೂ ವಿಜ್ಞಾನಿಯ ಮಗಳಿಗೂ ಮದುವೆ. ಅಷ್ಟು ನೆಟ್ಟಗಿನ ಕತೆ.

ಅರ್ಧ ದಾರಿಯಲ್ಲಿ ಬೇರೊಂದು ಕಣ್ಣಿಗೆ ಬಿತ್ತು. ಮೊದಲ ಸಲ ಓದುವಾಗ ಪ್ರತಿ ಅಧ್ಯಾಯದ ಮೊದಲ ಪುಟವನ್ನು ನಾನು ಹಾರಿಸಿದ್ದೆ. ಜೆರಾಕ್ಸಿನ ಅಂಚಿನಲ್ಲಿ ನನ್ನದೇ ಅಕ್ಷರ: 'ಮತ್ತೆ ಯಂತ್ರ. ಬಿಟ್ಟೆ.' ಈ ಸಲ, ಪ್ರಾಧ್ಯಾಪಕರ ಟಿಪ್ಪಣಿಯ ಉರಿಗೋ ಏನೋ, ಒಂದನ್ನೂ ಬಿಡದೆ ಓದಿದೆ. ಹದಿನಾಲ್ಕು ವರ್ಣನೆಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಎರಡನೆಯದರಲ್ಲಿ ಅಡುಗೆಯವನು ಕತ್ತಲೆಯಲ್ಲಿ ಕೈಯಾಡಿಸಿ, ಎಣ್ಣೆಯ ಬಿಸಿಯಿಂದಲೇ ಯಂತ್ರದ ಯಾವ ಭಾಗ ಎಲ್ಲಿದೆ ಎಂದು ಅರಿಯುತ್ತಾನೆ. ಏಳನೆಯದರಲ್ಲಿ ಕಣ್ಣಿಲ್ಲದ ಜನರು ಅದನ್ನು ತಟ್ಟಿ, ಸದ್ದಿನಿಂದ ಅಳೆಯುತ್ತಾರೆ. ಹನ್ನೊಂದನೆಯದರಲ್ಲಿ ವಿಜ್ಞಾನಿಯ ಮಗಳು ಹಿಟ್ಟಿನಲ್ಲಿ ಅದರ ಪುಟ್ಟ ಮಾದರಿ ಮಾಡಿ ಒಂದು ಮಗುವಿಗೆ ತೋರಿಸುತ್ತಾಳೆ. ಪ್ರತಿ ವರ್ಣನೆಯೊಳಗೂ, ಗೊತ್ತೇ ಆಗದಂತೆ, ಒಳಗೆ ಯಾರಿದ್ದಾರೆ, ಎಲ್ಲಿದ್ದಾರೆ, ಈಗ ಯಾವ ಅಪಾಯದಲ್ಲಿದ್ದಾರೆ ಎಂಬುದೆಲ್ಲ ಬಂದುಬಿಡುತ್ತಿತ್ತು. ಯಾವುದೇ ಸಂಚಿಕೆಯನ್ನು ಕೈಗೆತ್ತಿಕೊಂಡರೂ ಮೊದಲ ಪುಟ ಮುಗಿಯುವಷ್ಟರಲ್ಲಿ ನೀವು ಒಳಗಿರುತ್ತಿದ್ದಿರಿ.

ಹಡಗು ಒಂದನ್ನು ತರುತ್ತದೆ, ಇನ್ನೊಂದನ್ನು ತರುವುದಿಲ್ಲ ಎಂದು ಆ ಲೇಖಕನಿಗೆ ಗೊತ್ತಿತ್ತು. ಅವನು ಪುನರಾವರ್ತಿಸುತ್ತಿರಲಿಲ್ಲ, ಪ್ರತಿ ಸಂಚಿಕೆಗೂ ಒಂದೊಂದು ಬಾಗಿಲು ಇಡುತ್ತಿದ್ದ.

ಇದು ನನ್ನ ಇನ್ನೊಂದು ಕಾಫಿಯಲ್ಲ ತಾನೇ ಎಂದು ಹೆದರಿಕೆಯಾಯಿತು. ಒಮ್ಮೆ ಇಲ್ಲದ್ದನ್ನು ಕಂಡವಳಿಗೆ ಎರಡನೆಯ ಸಲವೂ ಕಾಣುವುದಕ್ಕೇನು ಕಷ್ಟ? ಬೇರೆ ಸಾಕ್ಷಿ ಬೇಕಿತ್ತು. ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲಿನ ಗೀರುಗಳಿದ್ದವು. ಮಕ್ಕಳು ಗೀಚಿದ್ದೆಂದು ಬಿಟ್ಟಿದ್ದೆ. ಮುದುಕರಿಗೆ ಫೋನು ಮಾಡಿ ಕೇಳಿದೆ.

"ಓದಿದವರು ಒಂದು ಗೆರೆ ಹಾಕುದು," ಎಂದರು. "ಎಷ್ಟು ಜನ ಓದಿದ್ರು ಅಂತ ಅಪ್ಪನಿಗೆ ಲೆಕ್ಕ ಬೇಕಿತ್ತು. ಎಂಟನೇದು ನೋಡಿ. ಅದರಲ್ಲಿ ಯಾರೋ ಬರೆದದ್ದೂ ಉಂಟು."

ನೋಡಿದೆ. ಹನ್ನೊಂದನೆಯದರಲ್ಲಿ ಒಂಬತ್ತು ಗೆರೆಗಳು, ಎರಡನೆಯದರಲ್ಲಿ ಬರೀ ಎರಡು. ಅಂದರೆ ಎರಡನೆಯದನ್ನು ಓದದೆಯೇ ಎಷ್ಟೋ ಜನ ಹನ್ನೊಂದನೆಯದನ್ನು ಓದಿದ್ದರು. ಎಂಟನೆಯದರ ಕೊನೆಯ ಪುಟದಲ್ಲಿ, ಗೆರೆಗಳ ಪಕ್ಕ, ಮಾಸಿದ ದುಂಡಕ್ಷರದಲ್ಲಿ ಹೀಗಿತ್ತು: 'ಏಳನೆಯದು ನನಗೆ ಬರಲಿಲ್ಲ. ಆದರೂ ಎಲ್ಲ ತಿಳಿಯಿತು.'

ಅದನ್ನು ಓದಿ ನಾನು ಎದ್ದು ಮನೆಯೊಳಗೆಲ್ಲ ಒಂದು ಸುತ್ತು ಹಾಕಿ ಬಂದೆ. ಇದು ನೆನಪೂ ಹೌದು, ದಿನಚರಿಯೂ ಹೌದು.

ನನ್ನ ಮಾರ್ಗದರ್ಶಕಿ ಇಲ್ಲಿಯೇ ಹುಟ್ಟಿ ಬೆಳೆದ ತಮಿಳರು. ಅಗ್ಗದ ತಮಿಳು ಪತ್ತೇದಾರಿಗಳ ಮೇಲೆ ಕೆಲಸ ಮಾಡಿ, ಅದಕ್ಕಾಗಿ ಸಾಕಷ್ಟು ನಗೆಪಾಟಲಾಗಿ ಗಟ್ಟಿಯಾದವರು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು.

"ಅಯ್ಯೋ. ಎಂಟು ದಿನ ಲಾ," ಎಂದರು. ನಮ್ಮ ಮಾತು ಇಲ್ಲಿನವರ 'ಲಾ' ಬಾಲ ಹತ್ತಿದ ಇಂಗ್ಲಿಷಿನಲ್ಲಿ, ನಡುವೆ ಅವರ ತಮಿಳು. "ಮುಂದೂಡುವುದಾದರೆ ಕಾರಣ ಕೊಡಬೇಕು. ಕಾರಣ ಕೊಟ್ಟರೆ ಪೆನ್ಸಿಲಿನ ಆ ಮನುಷ್ಯ, ನೋಡಿ ನಾನು ಹೇಳಿರಲಿಲ್ಲವಾ ಅಂತಾರೆ."

"ಹಳೆಯ ಅಧ್ಯಾಯವನ್ನು ಸುಮ್ಮನೆ ತೆಗೆದುಬಿಡಲಾ?"

"ಅವರಿಗೆಲ್ಲ ಅದನ್ನು ಕಳಿಸಿ ಆಗಿದೆ ಕಣ್ಣಾ. ಎಲ್ಲಿಗೆ ತೆಗೆಯುತ್ತೀಯ? ತಪ್ಪನ್ನು ಮೊದಲನೇ ನಿಮಿಷದಲ್ಲೇ ಹೇಳು. ಹತ್ತನೇ ನಿಮಿಷದಲ್ಲಿ ಹೇಳಿದರೆ ತಪ್ಪೊಪ್ಪಿಗೆ. ಮೊದಲನೇ ನಿಮಿಷದಲ್ಲಿ ಹೇಳಿದರೆ ವಾದ."

ಉಳಿದ ದಿನಗಳಲ್ಲಿ ನಾನು ಹೊಸದಾಗಿ ಪ್ರಬಂಧ ಬರೆಯಲಿಲ್ಲ. ಐದು ಸಂಚಿಕೆಗಳ ಮೊದಲ ಪುಟಗಳನ್ನು ಇಂಗ್ಲಿಷಿಗೆ ಇಳಿಸಿದೆ, ಅಷ್ಟೇ. ಆದರೆ ಆ ಐದು ಪುಟ ನನ್ನನ್ನು ಅರೆದುಹಾಕಿದವು. ಹಿಟ್ಟಿನ ಮಾದರಿಯ ಪುಟವನ್ನು ಏಳು ಸಲ ತಿದ್ದಿದ್ದೇನೆ. ಈ ಬರಹಗಾರನ ಒಂದು ಪದವನ್ನೂ ತೆಗೆಯಲು ಆಗುವುದಿಲ್ಲ ಎಂದು ತಿಳಿದದ್ದು ಆಗಲೇ. ತೆಗೆದರೆ ಅಡುಗೆಯವ ಎಲ್ಲಿ ನಿಂತಿದ್ದಾನೆಂಬುದು ತಪ್ಪಿಹೋಗುತ್ತಿತ್ತು.

ಸೆಮಿನಾರು ಬೆಳಿಗ್ಗೆ ಹತ್ತಕ್ಕೆ. ಬಸ್ ನಿಲ್ದಾಣದ ಪಕ್ಕದ ಮಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಎರಡು ರೊಟ್ಟಿ, ಸಾರು ತರಿಸಿ, ತಿನ್ನಲಾಗದೆ ಕಟ್ಟಿಸಿಕೊಂಡು ಹೋದೆ. ಕೋಣೆಯಲ್ಲಿ ಐವರು, ಒಂದು ಮೂಲೆಯಲ್ಲಿ ನನ್ನ ಮಾರ್ಗದರ್ಶಕಿ. ಹಿರಿಯ ಪ್ರಾಧ್ಯಾಪಕರು ಕನ್ನಡಕ ಹಣೆಗೇರಿಸಿ ನನ್ನ ಹಳೆಯ ಅಧ್ಯಾಯವನ್ನು ಎದುರಿಗೆ ಇಟ್ಟುಕೊಂಡಿದ್ದರು. ಇಂಗ್ಲಿಷ್ ಕಾವ್ಯ ಪಾಠ ಮಾಡುತ್ತಲೇ ಕೂದಲು ನೆರೆದವರು. ಅವರಿಗೆ ನಾನು ಇಷ್ಟವಿಲ್ಲ ಎಂದಲ್ಲ. ಇಂಥ ಪುಸ್ತಕಕ್ಕೆ ವಿಶ್ವವಿದ್ಯಾಲಯದೊಳಗೆ ಕುರ್ಚಿ ಹಾಕಬಾರದೆಂಬುದು ಅವರ ನಂಬಿಕೆ.

"ನಿಮ್ಮ ಕೈಯಲ್ಲಿರುವ ಅಧ್ಯಾಯ ತಪ್ಪು," ಎಂದು ಶುರುಮಾಡಿದೆ. "ನಾನು ಪ್ರಯೋಗವೆಂದು ಹೊಗಳಿದ್ದು ಬೈಂಡಿನ ಅದಲುಬದಲನ್ನು."

ಯಾರೋ ಕೆಮ್ಮಿದರು. ಪ್ರಾಧ್ಯಾಪಕರು ಕನ್ನಡಕ ಕೆಳಗಿಳಿಸಿದರು. "ಹಾಗಾದರೆ ನಾವು ಇಲ್ಲಿ ಏಕೆ ಕುಳಿತಿದ್ದೇವೆ?" ಎಂದು ಕೇಳಿದರು, ಮೃದುವಾಗಿಯೇ.

"ಐದು ನಿಮಿಷ ಓದುವುದಕ್ಕೆ," ಎಂದೆ.

ಐವರಿಗೂ ಒಂದೊಂದು ಹಾಳೆ ಹಂಚಿದೆ. ಎಲ್ಲವೂ ಬೇರೆ ಬೇರೆ ಸಂಚಿಕೆಯವು. ಒಬ್ಬರಿಗೆ ಎರಡನೆಯದು, ಒಬ್ಬರಿಗೆ ಏಳನೆಯದು, ಹೀಗೆ. ಪ್ರಾಧ್ಯಾಪಕರಿಗೆ ಎಂಟನೆಯದು. ಐವರಲ್ಲಿ ಮೂವರು ನನ್ನ ಹಳೆಯ ಅಧ್ಯಾಯ ಓದಿದ್ದರಿಂದ ಅವರಿಗೆ ಕತೆ ಸ್ವಲ್ಪ ಗೊತ್ತಿತ್ತೆಂಬುದು ನಿಜ; ಈ ಪರೀಕ್ಷೆ ಪೂರ್ತಿ ನ್ಯಾಯವಾದದ್ದಲ್ಲವೆಂದು ಅದನ್ನೂ ಹೇಳಿದೆ. ಆದರೆ ಸಮಿತಿಯಲ್ಲಿ ಇಬ್ಬರು ಬೇರೆ ವಿಭಾಗದವರು, ಒಬ್ಬರು ಇತಿಹಾಸ, ಇನ್ನೊಬ್ಬರು ಭಾಷಾವಿಜ್ಞಾನ. ಅವರು ಅಧ್ಯಾಯವನ್ನು ತೆರೆದೇ ಇರಲಿಲ್ಲ. ಹಾಳೆ ಕೆಳಗಿಟ್ಟ ಮೇಲೆ ಮೂರು ಪ್ರಶ್ನೆ ಕೇಳಿದೆ. ವಾಹನದಲ್ಲಿ ಯಾರಿದ್ದಾರೆ? ಎಲ್ಲಿದ್ದಾರೆ? ಯಾವುದಕ್ಕೆ ಹೆದರಿದ್ದಾರೆ?

ಇತಿಹಾಸದವರು ಮೊದಲು ಹೇಳಿದರು. ಭಾಷಾವಿಜ್ಞಾನದವರು ಹೇಳುತ್ತಾ ಹೋದಾಗ ಇತಿಹಾಸದವರು, "ಇಲ್ಲ, ನನ್ನ ಹಾಳೆಯಲ್ಲಿ ಎಣ್ಣೆ ಇನ್ನೂ ಮುಗಿದಿಲ್ಲ" ಎಂದು ತಡೆದರು. ಇಬ್ಬರೂ ಒಬ್ಬರ ಹಾಳೆ ಇನ್ನೊಬ್ಬರು ಎಳೆದುಕೊಂಡರು. ಯಾವ ಹಿನ್ನೆಲೆಯೂ ಗೊತ್ತಿಲ್ಲದವರು ಮೂರೂ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರ ಕೊಟ್ಟಿದ್ದರು. ಆಮೇಲೆ ನಾನು ಮೂಲ ಪುಸ್ತಕವನ್ನು ಮೇಜಿನ ಮೇಲಿಟ್ಟು, ಕೆಳಗಿನ ಅಂಕಿಗಳನ್ನು, ಓದುಗರ ಗೆರೆಗಳನ್ನು, ಕೊನೆಗೆ ಎಂಟನೆಯದರ ಆ ಎರಡು ವಾಕ್ಯವನ್ನು ತೋರಿಸಿ ಅನುವಾದಿಸಿದೆ.

"ಪುನರಾವರ್ತನೆ ಎಂಬುದು ಎಲ್ಲ ಸಂಚಿಕೆಗಳನ್ನೂ ಒಂದೇ ರಟ್ಟಿನೊಳಗೆ ಕಟ್ಟಿಕೊಂಡು ಓದುವ ನಮ್ಮ ದೂರು," ಎಂದೆ. "ಈ ಓದುಗರಿಗೆ ಅದು ಒಂದೇ ಸಲ ಬಂದದ್ದು. ಇಂಥ ಬರವಣಿಗೆಯನ್ನು ನಾವು ಅದು ಓದಿಸಿಕೊಂಡ ರೀತಿಯಲ್ಲೇ ಅಳೆಯಬೇಕು. ಅಳೆದರೆ, ಹದಿನಾಲ್ಕು ಸಲವೂ ಬೇರೆಯಾಗಿ ಅದೇ ಯಂತ್ರವನ್ನು ಕಟ್ಟಿದ ಈತ ನುರಿತ ಕಸುಬುದಾರ."

ಪ್ರಾಧ್ಯಾಪಕರು ಬಹಳ ಹೊತ್ತು ತಮ್ಮ ಹಾಳೆಯನ್ನೇ ನೋಡುತ್ತಿದ್ದರು. ಬಹಳ ಹೊತ್ತು ಎಂಬುದು ನನ್ನ ನೆನಪು. ಮಾರ್ಗದರ್ಶಕಿ ಅದು ಹತ್ತು ಸೆಕೆಂಡೂ ಇರಲಿಲ್ಲ ಎನ್ನುತ್ತಾರೆ.

"ಇದರ ಮುಂದಿನ ಪುಟ ಎಲ್ಲಿ?" ಎಂದು ಕೇಳಿದರು.

"ಅನುವಾದ ಮಾಡಿಲ್ಲ ಸರ್. ಮೊದಲ ಪುಟ ಮಾತ್ರ."

"ಬಾಗಿಲು ಬಿಸಿಯಾಗುತ್ತಿದೆ, ಅಡುಗೆಯವನ ಕೈ ಅದಕ್ಕೆ ಅಂಟಿದೆ. ಇಲ್ಲಿಗೆ ನಿಲ್ಲಿಸಿದ್ದೀರಿ."

ಕೋಣೆಯಲ್ಲಿ ನಗು ಎದ್ದಿತು. ಅವರು ನಗಲಿಲ್ಲ, ನಿಜವಾಗಿಯೂ ಕಾಯುತ್ತಿದ್ದರು. ಹಾಗಾಗಿ ನಾನು ಪುಸ್ತಕ ತೆರೆದು ಎಂಟನೆಯ ಸಂಚಿಕೆಯ ಎರಡನೆಯ ಪುಟವನ್ನು ನಿಂತಲ್ಲೇ ಇಂಗ್ಲಿಷಿಗೆ ಮಾಡುತ್ತಾ ಓದಿ ಹೇಳಿದೆ. ಮೂರನೆಯದನ್ನೂ. ಅಧ್ಯಕ್ಷರು ಗಡಿಯಾರ ತೋರಿಸಿದ ಮೇಲೆಯೇ ನಿಲ್ಲಿಸಿದ್ದು.

ಹೊರಗೆ ಬೆಂಚಿನ ಮೇಲೆ ಕೂತಾಗ ರೊಟ್ಟಿಯ ಪೊಟ್ಟಣ ಬಿಚ್ಚಿ ತಿಂದೆ. ತಣ್ಣಗಾಗಿ ಚರ್ಮದಂತಾಗಿತ್ತು, ಎರಡನ್ನೂ ಮುಗಿಸಿದೆ. ಬೆರಳಿನ ಸಾರು ಒರೆಸಿಕೊಳ್ಳುತ್ತಿರುವಾಗಲೇ ಒಳಗೆ ಕರೆದರು.

ಅಧ್ಯಕ್ಷರು, ಸಮಿತಿ ಪಿಎಚ್.ಡಿ.ಗೆ ಒಪ್ಪಿದೆ ಎಂದರು. ಐವರೂ ಒಪ್ಪಿದ್ದರು. ಒಂದು ಷರತ್ತು ಹಿರಿಯ ಪ್ರಾಧ್ಯಾಪಕರದ್ದು, ಅದನ್ನು ಅವರೇ ಹೇಳಿದರು: ತಪ್ಪು ಅಧ್ಯಾಯವನ್ನು ಎಸೆಯಬಾರದು. ಅನುಬಂಧವಾಗಿ ಪ್ರಬಂಧದ ಕೊನೆಗೆ ಸೇರಿಸಬೇಕು, ಅದು ಹೇಗೆ ತಪ್ಪಾಯಿತೆಂಬ ವಿವರಣೆಯ ಜೊತೆಗೆ. "ನನ್ನ ಪೆನ್ಸಿಲ್ ಟಿಪ್ಪಣಿಯನ್ನೂ ಸೇರಿಸಿ," ಎಂದರು. "ಅದೂ ತಪ್ಪೇ."

ನನ್ನ ಮಾರ್ಗದರ್ಶಕಿ ಆಗ ಕಿಟಕಿಯ ಕಡೆ ತಿರುಗಿಕೊಂಡರು. ಅವರು ಅತ್ತರು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವರು ಒಪ್ಪುವುದಿಲ್ಲ.

ಕೆಳಗಿನ ಫೋನ್ ಬೂತಿನಿಂದ ಮೊದಲು ಮೆಲಾಕಾದ ಮುದುಕರಿಗೆ ಕಾರ್ಡು ಹಾಕಿ ಫೋನು ಮಾಡಿದೆ, ಗಂಡನಿಗೆ ಆಮೇಲೆ.

"ಪಾಸಾ?" ಎಂದರು ಮುದುಕರು.

"ಪಾಸ್ ಅಂಕಲ್. ಐದಕ್ಕೆ ಐದು."

"ಅಷ್ಟು ದೊಡ್ಡವರು ಇದನ್ನು ಕೂತು ಓದಿದ್ರಾ?"

"ಓದಿದ್ರು. ಮುಂದೆ ಎಂತಾಯ್ತು ಅಂತ ಕೇಳಿದ್ರು."

ಆ ಕಡೆ ಅವರು ಹೆಂಡತಿಗೆ ಕೊಂಕಣಿಯಲ್ಲಿ ಅದನ್ನೇ ಹೇಳುವುದು ಕೇಳಿಸಿತು, ಎರಡು ಸಲ. ಮತ್ತೆ ಫೋನಿಗೆ ಬಂದರು.

"ಹಾಗಾದ್ರೆ ಒಂದು ಕೆಲಸ ಮಾಡುವ," ಎಂದರು. "ನೀವು ಭಾನುವಾರ ಬನ್ನಿ. ಆ ಪೆನ್ಸಿಲ್ ಗೆರೆಗಳಲ್ಲಿ ಯಾವುದು ಯಾರದ್ದು ಅಂತ ನನಗೆ ಸುಮಾರು ಗೊತ್ತುಂಟು. ನಾನು ಸಾಯುವ ಮೊದಲು ಬರೆದುಕೊಳ್ಳಿ."

ಆ ಭಾನುವಾರವೇ ಹೋದೆ. ಹೊಸ ನೋಟು ಪುಸ್ತಕದ ಮೊದಲ ಪುಟದಲ್ಲಿ, ಸಂಚಿಕೆ ಒಂದು, ಎಡದಿಂದ ಮೊದಲನೆಯ ಗೆರೆ ಎಂದು ಬರೆದು ಅವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ಹೇಳಲು ತೊಡಗಿದರು.